ಟ್ಯಾಬ್ ಕ್ವಿಜ್‌ನಲ್ಲಿ 90%, ಹಾಳೆಯ ಮೇಲೆ ಇಂಗ್ಲಿಷ್ ಪ್ಯಾಸೇಜ್ ಕೊಟ್ಟರೆ ಏನೂ ಬರಲ್ಲ. ಯಾಕೆ?

ಎಂಟನೇ_ಬಿ: ಕನ್ನಡ ಮಾಧ್ಯಮ, 8ನೇ ತರಗತಿ, 40 ಮಕ್ಕಳು, 8 ಟ್ಯಾಬ್, ಐದೈದು ಜನರ ಗುಂಪು. 120 ಪದಗಳ ಪ್ಯಾಸೇಜ್, 10 ಬಹು ಆಯ್ಕೆ ಪ್ರಶ್ನೆ, ಒಂದೊಂದಕ್ಕೆ 20 ಸೆಕೆಂಡ್. ಸೆಟ್ಟಿಂಗ್ ತಪ್ಪೋ, ಪ್ರಶ್ನೆಗಳೇ ತಪ್ಪೋ?

ಹಳೇಬೋರ್ಡ್: ಎರಡೂ ಸರ್. ಮೊದಲು ಪ್ರಶ್ನೆ ನೋಡಿ. ಪ್ಯಾಸೇಜ್ ಕೊಡದೆ ಬರೀ ಪ್ರಶ್ನೆಗಳನ್ನು ಇನ್ನೊಂದು ಸೆಕ್ಷನ್‌ನ ಮಕ್ಕಳಿಗೆ ಕೊಡಿ. ನಾಲ್ಕು ಆಪ್ಷನ್‌ನಲ್ಲಿ ಕಣ್ಣುಮುಚ್ಚಿ ಒತ್ತಿದರೂ 25% ಬರುತ್ತೆ. ಅದಕ್ಕಿಂತ ತುಂಬಾ ಜಾಸ್ತಿ ಬಂದ ಪ್ರಶ್ನೆ ಸಾಮಾನ್ಯ ಜ್ಞಾನದ್ದು, ಕಿತ್ತುಹಾಕಿ. ಪ್ಯಾಸೇಜಿನ ಪದವೇ ಸರಿ ಉತ್ತರದಲ್ಲೂ ಇದ್ದರೆ ಮಕ್ಕಳು ಓದಲ್ಲ, ಪದ ಹೊಂದಿಸ್ತಾರೆ. ಸರಿ ಉತ್ತರವನ್ನು ಬೇರೆ ಪದಗಳಲ್ಲಿ ಬರೆದು, ಪ್ಯಾಸೇಜಿನ ಪದಗಳನ್ನು ತಪ್ಪು ಆಪ್ಷನ್‌ಗಳಿಗೆ ಹಾಕಿ.

ಒಳ್ಳೆಯ ತಪ್ಪು ಆಪ್ಷನ್ ಕನ್ನಡದ ವಾಕ್ಯರಚನೆಯಲ್ಲೇ ಸಿಗುತ್ತೆ. ‘ದ ಫಾರ್ಮರ್ ಹೂ ಸೋಲ್ಡ್ ದ ಕೌ ಟು ರಾಮಪ್ಪ ವೆಂಟ್ ಹೋಮ್’: ಮನೆಗೆ ಹೋದದ್ದು ಯಾರು? ‘ರಾಮಪ್ಪನಿಗೆ ಹಸು ಮಾರಿದ ರೈತ ಮನೆಗೆ ಹೋದ’ ಅನ್ನುವಾಗ ‘ಮನೆಗೆ ಹೋದ’ದ ಪಕ್ಕದಲ್ಲಿ ರೈತ ಇದ್ದಾನೆ. ಇಂಗ್ಲಿಷ್‌ನಲ್ಲಿ ಆ ಜಾಗದಲ್ಲಿ ರಾಮಪ್ಪ. ಅವನನ್ನು ಒತ್ತಿದ ಮಗುವಿಗೆ ಪದಗಳೆಲ್ಲ ಗೊತ್ತು, ‘ಹೂ’ ಗೊತ್ತಿಲ್ಲ. ನಾಳೆ ಏನು ಪಾಠ ಅಂತ ಅಲ್ಲೇ ಗೊತ್ತಾಯ್ತಲ್ಲ!

ಚಾಕ್‌ಪೀಸ್: ಟೈಮರ್ ತೆಗೆಯಿರಿ. ನಿಮಿಷಕ್ಕೆ 60 ಪದ ಓದುವ ಮಗುವಿಗೆ ಪ್ಯಾಸೇಜ್ ಒಂದಕ್ಕೇ 2 ನಿಮಿಷ ಬೇಕು. ಬೇಗ ಒತ್ತಿದರೆ ಹೆಚ್ಚು ಅಂಕ ಅಂದರಂತೂ ಯಾರೂ ಓದಲ್ಲ.

ಗೂಗಲ್ ಫಾರ್ಮ್ಸ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಕ್ವಿಜ್ ಆನ್ ಮಾಡಿ, ಪ್ರಶ್ನೆಗಳಿರುವ ಸೆಕ್ಷನ್‌ನ ವಿವರಣೆಯಲ್ಲೇ ಪ್ಯಾಸೇಜ್ ಹಾಕಿ. ಹಿಂದಿನ ಸೆಕ್ಷನ್‌ನಲ್ಲಿ ಹಾಕಿದರೆ ನೆನಪಿನ ಪರೀಕ್ಷೆ ಆಗುತ್ತೆ. ಆನ್ಸರ್ ಕೀಯಲ್ಲಿ ತಪ್ಪು ಉತ್ತರಕ್ಕೆ ಫೀಡ್‌ಬ್ಯಾಕ್ ಬರೆಯಿರಿ, ಕನ್ನಡದಲ್ಲೇ: ‘3ನೇ ವಾಕ್ಯ ಮತ್ತೆ ಓದು, ಹಸು ಮಾರಿದ್ದು ಯಾರು?’ ಸಾಲಿನ ಸಂಖ್ಯೆ ಬೇಡ, ಸ್ಕ್ರೀನ್ ಬದಲಾದರೆ ಸಾಲೂ ಬದಲಾಗುತ್ತೆ.

ಎಂಟನೇ_ಬಿ: ಗುಂಪು ಹಾಗೇ ಇರಲಾ?

ಹಳೇಬೋರ್ಡ್: ಬೇಡ. ನಿಮ್ಮ 90% ಬಹುಶಃ ಗುಂಪಿಗೊಬ್ಬರಂತೆ ಓದಬಲ್ಲ ಎಂಟು ಮಕ್ಕಳದ್ದು. ಟ್ಯಾಬ್ ಆದರೆ ಎಂಟೆಂಟು ಜನ ಸರದಿಯಲ್ಲಿ ಬರಲಿ. ಎಲ್ಲರದೂ ಒಟ್ಟಿಗೆ ಬೇಕಿದ್ದರೆ ಪ್ಲಿಕರ್ಸ್ ಆ್ಯಪ್: ಮಗುವಿಗೊಂದು ಪೇಪರ್ ಕಾರ್ಡ್, ಉತ್ತರದ ಅಕ್ಷರ ಮೇಲೆ ಬರುವಂತೆ ಹಿಡಿಯಬೇಕು, ಕಾರ್ಡ್‌ಗಳನ್ನು ಸ್ಕ್ಯಾನ್ ಮಾಡೋಕೆ ನಿಮ್ಮ ಒಂದೇ ಫೋನ್ ಸಾಕು. ಪ್ರತಿ ಕಾರ್ಡಿನ ಚಿತ್ರ ಬೇರೆ ಇರುವುದರಿಂದ ಪಕ್ಕದವರದ್ದು ನೋಡಿ ಹಿಡಿಯುವುದು ಕಷ್ಟ. ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ಬೆಳಕು ಬಿದ್ದರೆ ಸ್ಕ್ಯಾನ್ ಆಗಲ್ಲ. ಕಪ್ಪು ಭಾಗದ ಮೇಲೆ ಬೆರಳು ಬಂದರೂ ಅಷ್ಟೇ.