ಮಂಚಕ್ಕೆ ಜೋಡಿಸುವ ಕ್ರಿಬ್: ಏನೇನು ಅಳೆದು ನೋಡಬೇಕು?

ಪ್ರಶ್ನೆ: ಮುಂದಿನ ತಿಂಗಳು ಹೆರಿಗೆ. ಬೆಡ್‌ಸೈಡ್ ಕ್ರಿಬ್ (ಒಂದು ಬದಿ ತೆರೆದು ನಮ್ಮ ಮಂಚಕ್ಕೆ ಸೇರಿಸುವ ಮಗುವಿನ ಪುಟ್ಟ ಮಂಚ) ನೋಡ್ತಿದ್ದೇವೆ. ನಮ್ಮದು ಸಾಗುವಾನಿ ಮಂಚ, ಮರದ ಅಂಚು ಹಾಸಿಗೆಗಿಂತ 2 ಇಂಚು ಹೊರಗಿದೆ. ಹೊಂದುತ್ತಾ?

ಉತ್ತರ 1: ಆ 2 ಇಂಚೇ ತೊಂದರೆ. ಕ್ರಿಬ್ ಮರಕ್ಕೆ ತಾಗಿ ನಿಲ್ಲುತ್ತೆ, ಹಾಸಿಗೆಗೆ ತಾಗಲ್ಲ. ಆ ಸಂದಿಗೆ ಮಗು ಜಾರಿ ಮುಖ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತೆ. ಟವೆಲ್ ಸುತ್ತಿ ತುಂಬೋದು ಬೇಡ, ಒತ್ತಿದರೆ ಕುಗ್ಗುತ್ತೆ, ಸಂದಿ ಮತ್ತೆ ತೆರೆದುಕೊಳ್ಳುತ್ತೆ. ನಿಮ್ಮ ಮಂಚಕ್ಕೆ ನಾಲ್ಕೂ ಬದಿ ಮುಚ್ಚಿದ ಕ್ರಿಬ್ ಸಾಕು. ಕೈಗೆಟುಕುವಷ್ಟು ದೂರದಲ್ಲಿ ಇಡಿ.

ಉತ್ತರ 2: ಅಂಗಡಿಯಲ್ಲೇ ನೋಡಿ: ಮರದ ಕಂಬಿಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಅಂತರ ಇರಬಾರದು. ಒಳಹಾಸಿಗೆ ಮತ್ತು ಕ್ರಿಬ್‌ನ ಗೋಡೆಯ ನಡುವೆ ಎರಡು ಬೆರಳು ಸಲೀಸಾಗಿ ಹೋದರೆ ಹಾಸಿಗೆ ಚಿಕ್ಕದು. ಅಂಗೈ ಒತ್ತಿ ತೆಗೆದ ತಕ್ಷಣ ಗುಳಿ ಮಾಯವಾಗಬೇಕು. ಮೆತ್ತಗಿದ್ದರೆ ಬೇಡವೇ ಬೇಡ, ಎಷ್ಟೇ ಚೆಂದ ಇರಲಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ತಲೆ ದುಂಡಗಾಗಲಿ ಅಂತ ಅತ್ತೆ ಸಾಸಿವೆ ದಿಂಬು ಹೊಲಿಸಿದ್ದಾರೆ. ಇಡಬಹುದಾ?

ಉತ್ತರ 2: ಇಡಬೇಡಿ. ದಿಂಬಿನ ಮೇಲೆ ಗದ್ದ ಎದೆಗೆ ಬಾಗಿದರೆ ಉಸಿರಿನ ದಾರಿ ಕಿರಿದಾಗುತ್ತೆ. ಒಳಗೆ ಬಿಗಿಯಾದ ಹಾಸುಬಟ್ಟೆ ಬಿಟ್ಟರೆ ರಜಾಯಿ, ಗೊಂಬೆ, ಸುತ್ತಲಿನ ಮೆತ್ತೆ ಯಾವುದೂ ಬೇಡ. ಮಲಗಿಸುವಾಗ ಯಾವಾಗಲೂ ಅಂಗಾತ. ತಲೆ ಚಪ್ಪಟೆಯಾಗದಿರಲು ಎಚ್ಚರವಿದ್ದಾಗ ಸ್ವಲ್ಪ ಹೊತ್ತು ಬೋರಲು ಹಾಕಿ, ಎದುರಿಗೇ ಇರಿ.

ಉತ್ತರ 3: ಒಂದು ಸೇರಿಸ್ತೀನಿ. ಮಗು ಕೈ, ಮೊಣಕಾಲು ಊರಿ ಏಳೋಕೆ ಶುರುಮಾಡಿದರೆ ಸಣ್ಣ ಕ್ರಿಬ್ ಬಿಟ್ಟು ಎತ್ತರದ ಗೋಡೆಯ ದೊಡ್ಡದಕ್ಕೆ ಹೋಗಿ. ಸಾಮಾನ್ಯವಾಗಿ 5 ತಿಂಗಳ ಆಸುಪಾಸು.