ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ

ಬಳ್ಳಾರಿ ಬ್ರಷ್:
ಇಪ್ಪತ್ತೆರಡು ವರ್ಷ ಬಳ್ಳಾರಿಯಲ್ಲಿ ಅಂಗಡಿ ಬೋರ್ಡ್ ಬರೆದವನು ನಾನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಈಗ ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತೇನೆ. ಹೋದ ತಿಂಗಳು ಒಂದು ಚಿತ್ರ ಪ್ರದರ್ಶನಕ್ಕೆ ಮೂರಡಿಯ ಕ್ಯಾನ್ವಾಸ್ ಕೊಟ್ಟೆ. ಅದರಲ್ಲಿದ್ದದ್ದು ಒಂದೇ ಅಕ್ಷರ, ‘ಳ್ಳಾ’. ನಮ್ಮೂರ ಹೆಸರಿನ ನಡುವಿನ ಅಕ್ಷರ. "ಇದು ಬರವಣಿಗೆ, ಚಿತ್ರ ಅಲ್ಲ" ಎಂದು ವಾಪಸ್ ಕೊಟ್ಟರು. ತುಂಬಾ ಬೇಜಾರಾಯಿತು. ಕನ್ನಡದಲ್ಲಿ ಪತ್ರ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಮಾತು ಒಂದೇ ಇರುವಾಗ ಇವೆರಡನ್ನು ಬೇರೆ ಯಾಕೆ ಮಾಡಬೇಕು? ನಿಮಗೇನನಿಸುತ್ತದೆ, ಹೇಳಿ.

ಸಿಂಧನೂರು ಓದುಗ:
ಅಣ್ಣಾ, ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ನಾನು ಒಪ್ಪುವುದಿಲ್ಲ. ಅಕ್ಷರದ ಕೆಲಸ ಓದಿಸುವುದು. ಅಶೋಕನ ಶಾಸನವಿರುವ ನಮ್ಮ ಮಸ್ಕಿ ಬಂಡೆಯನ್ನೇ ನೋಡಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಗುರುತಿಸಿದರು. ಅದಕ್ಕೂ ಮುಂಚೆ ಸಿಕ್ಕ ಶಾಸನಗಳಲ್ಲಿ ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳೇ ಇದ್ದವು. ಮಸ್ಕಿಯಲ್ಲಿ ‘ಅಸೋಕ’ ಎಂಬ ಹೆಸರೇ ಸಿಕ್ಕಿತು. ಗೆರೆ ಚೆಂದ ಇದೆ ಅಂತ ಆ ಬಂಡೆಗೆ ಬೆಲೆ ಬರಲಿಲ್ಲ, ಓದಿದ್ದಕ್ಕೆ ಬಂತು. ಅಂದ ಜಾಸ್ತಿಯಾದರೆ ಓದುವುದೇ ಕಷ್ಟ. ಮದುವೆ ಪತ್ರಿಕೆಯ ಸುರುಳಿ ಅಕ್ಷರದಲ್ಲಿ ವರನ ಹೆಸರು ಹುಡುಕಬೇಕಾಗುತ್ತದೆ.

ಬಳ್ಳಾರಿ ಬ್ರಷ್:
ಓದಿಸುವುದಕ್ಕೇ ತಮ್ಮಾ, ನಾವು ಅಷ್ಟು ಕಷ್ಟಪಡುತ್ತಿದ್ದದ್ದು. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಬಿಗಿಯಾಗಿ ಹಿಡಿದು ಮಿಡಿದರೆ ಬೋರ್ಡಿನ ಮೇಲೆ ನೇರ ಗೆರೆ ಬೀಳುತ್ತದೆ. ಇಂಗ್ಲಿಷ್ ದೊಡ್ಡಕ್ಷರಕ್ಕೆ ಮೇಲೊಂದು ಕೆಳಗೊಂದು ಗೆರೆ ಸಾಕು. ಕನ್ನಡಕ್ಕೆ ಸಾಲದು. ‘ಬಳ್ಳಾರಿ’ ಬರೆದು ನೋಡು. ‘ಳ’ದ ಕೆಳಗೆ ಒತ್ತು ಇಳಿಯುತ್ತದೆ, ‘ರಿ’ಯ ಗುಡಿಸು ಮೇಲೆ ಏಳುತ್ತದೆ. ಒತ್ತಿಗೆ ಜಾಗ ಬಿಡದೆ ಶುರು ಮಾಡಿದರೆ ಅದು ಕೆಳಗಿನ ಫೋನ್ ನಂಬರಿನ ಮೇಲೆ ಬಂದು ಕೂರುತ್ತದೆ. ತೀರಾ ಚಿಕ್ಕದು ಮಾಡಿದರೆ ರಸ್ತೆಯ ಆಚೆಯಿಂದ ‘ಬಳಾರಿ’ ಎಂದು ಕಾಣುತ್ತದೆ. ಎಷ್ಟು ಬಾಗಬೇಕು, ಎಲ್ಲಿ ಖಾಲಿ ಬಿಡಬೇಕು, ಇದನ್ನು ಸ್ಕೇಲ್ ಹೇಳುವುದಿಲ್ಲ. ಕಣ್ಣು ಹೇಳಬೇಕು. ಇದು ಚಿತ್ರ ಬರೆಯುವವನ ಕೆಲಸವೇ ಅಲ್ವಾ?

ಗಂಗಾವತಿ ಗುಡ್ಡ:
ನನ್ನ ತಕರಾರು ಬೇರೆ. ಚಿತ್ರಕ್ಕೆ ಅಕ್ಷರವೇ ಬೇಡ. ನಮ್ಮ ಹಿರೇಬೆಣಕಲ್ಲಿನ ಬಂಡೆ ಆಸರೆಗಳಲ್ಲಿ ಇತಿಹಾಸಕ್ಕೂ ಹಿಂದಿನ ಕೆಂಪು ಬಣ್ಣದ ಚಿತ್ರಗಳಿವೆ. ಸಂಗನಕಲ್ಲಿನ ಹತ್ತಿರದ ಗುಡ್ಡದಲ್ಲಿ ಕಪ್ಪು ಬಂಡೆಯನ್ನು ಕಲ್ಲಿನಿಂದ ಜಜ್ಜಿ ಮೂಡಿಸಿದ ಎತ್ತುಗಳಿವೆ. ಪಕ್ಕದಲ್ಲಿ ಒಂದು ಸಾಲು ಬರಹ ಇಲ್ಲ. ಆದರೂ ಆ ಉದ್ದ ಕೊಂಬು ನೋಡಿದರೆ ಸಾಕು, ಬರೆದವನಿಗೆ ಎತ್ತಿನ ಮೇಲೆ ಎಷ್ಟು ಪ್ರೀತಿ ಇತ್ತು ಎಂದು ಗೊತ್ತಾಗುತ್ತದೆ. ಈಗ ಶಾಲೆ ಗೋಡೆಗಳಲ್ಲಿ ಮರದ ಚಿತ್ರ ಬರೆದು ಕೆಳಗೆ ‘ಮರ ಬೆಳೆಸಿ’ ಎಂದೂ ಬರೆಯುತ್ತಾರೆ. ಮರದ ಮೇಲೆ ಅಷ್ಟೂ ನಂಬಿಕೆ ಇಲ್ಲವೇ?

ಕೊಪ್ಪಳ ಟೀಚರ್:
ಘೋಷಣೆಯ ಮಾತು ನಿಜ ಸರ್. ಆದರೆ ಎಲ್ಲ ಕಡೆ ಹಾಗಲ್ಲ. ಒಮ್ಮೆ ನಮ್ಮ ಕೊಪ್ಪಳದ ಪಾಲ್ಕಿಗುಂಡು ಬೆಟ್ಟಕ್ಕೆ ಬನ್ನಿ. ಅಶೋಕನ ಶಾಸನ ನೋಡಲು ಹೋದವರು ಅದನ್ನು ನೋಡಿ ಇಳಿದುಬಿಡುತ್ತಾರೆ. ಅಲ್ಲೇ ಬಂಡೆಯ ಮೇಲೆ ಒಂದು ಜೊತೆ ಪಾದ ಕೆತ್ತಿದ್ದಾರೆ. ಜೊತೆಗೆ ಹಳಗನ್ನಡದ ಚಿಕ್ಕ ಬರಹ. ಜಟಾಸಿಂಹನಂದಿ ಆಚಾರ್ಯರ (ಜೈನ ಮುನಿಗಳು) ಪದವನ್ನು ಚಾವಯ್ಯ ಮಾಡಿಸಿದ, ಇಷ್ಟೇ ಅದರ ಮಾತು. ಪಾದ ನೋಡಿ, ಹೆಸರು ಓದಿ, ಮತ್ತೆ ಪಾದದ ಕಡೆ ತಿರುಗಿದರೆ ಅದು ಮೊದಲಿನಂತೆ ಕಾಣುವುದಿಲ್ಲ. ಒಬ್ಬ ಹಿರಿಯರು ಈಗಷ್ಟೇ ಎದ್ದು ಹೋದಂತಿರುತ್ತದೆ. ಅಲ್ಲಿ ‘ಪದ’ ಅಂದರೆ ಕಾಲು. ನಾವು ಮಾತಿಗೂ ಹಾಡಿಗೂ ಪದ ಅನ್ನುತ್ತೇವೆ.

ಮಕ್ಕಳನ್ನು ಕರೆದುಕೊಂಡು ಹೋದಾಗ ಒಬ್ಬ ಹುಡುಗಿ ಪಾದದ ಬೆರಳುಗಳನ್ನು ಬರೆದಳು. ಆಮೇಲೆ ಅದೇ ಪೆನ್ಸಿಲಿನಲ್ಲಿ ಅಕ್ಷರಗಳನ್ನೂ ಬರೆದಳು. ಅವಳಿಗೆ ಆ ಹಳೆಯ ಬರಹದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಬಾಗು ನೋಡಿ ನೋಡಿ ಇಳಿಸಿದಳು.

ಸಿಂಧನೂರು ಓದುಗ:
ಚೆನ್ನಾಗಿದೆ ಮೇಡಂ. ಆದರೆ ನನ್ನ ಪ್ರಶ್ನೆ ಅದೇ. ಓದದೆ ಬರೆದದ್ದನ್ನು ಅಕ್ಷರ ಅನ್ನಬಹುದಾ?

ಕಲಾ ವಿದ್ಯಾರ್ಥಿ, ರಾಯಚೂರು:
ಅದನ್ನೇ ಚಿತ್ರಕಾರ ಕೆ.ಸಿ.ಎಸ್. ಪಣಿಕ್ಕರ್ 1960ರ ದಶಕದಲ್ಲಿ ಕ್ಯಾನ್ವಾಸಿಗೆ ತಂದರು. ಮಲಯಾಳಂನಂತೆ ಕಾಣುವ ಸಾಲುಗಳು, ಓದಲು ಹೋದರೆ ಓದಲಾಗುವುದಿಲ್ಲ. ಕಣ್ಣು ಮಾತ್ರ ಓದುವ ದಾರಿಯಲ್ಲೇ ಓಡುತ್ತದೆ. ನನಗೆ ಅದು ಅಕ್ಷರವೂ ಹೌದು, ಚಿತ್ರವೂ ಹೌದು.

ಮಸ್ಕಿ ಶಾಸನದ ಬ್ರಾಹ್ಮಿ ಲಿಪಿಯಲ್ಲಿ ‘ಕ’ ಅಂದರೆ ಕೂಡಿಸುವ ಗುರುತು (+). ಈಗಿನ ನಮ್ಮ ದುಂಡು ‘ಕ’ ಅದರಿಂದಲೇ ಬಂದದ್ದು. ಅರ್ಥ ಹೊರುತ್ತಲೇ ಅದರ ರೂಪ ಬದಲಾಗುತ್ತಾ ಬಂತು. ಎಷ್ಟು ಕೈಗಳು ಅದನ್ನು ತಿದ್ದಿರಬೇಕು! ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿ ಶಾಸನ ಬರೆದವನು ಚಪಡ. ಅಶೋಕನ ಮಾತನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತಾನು ಲಿಪಿಕಾರ ಎಂಬುದನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ, ದೂರದ ವಾಯವ್ಯ ಕಡೆಯ ಖರೋಷ್ಠಿ ಲಿಪಿಯಲ್ಲಿ ಬರೆದ. ಈ ಕಡೆ ಅದನ್ನು ಓದುವವರು ಎಷ್ಟು ಜನ ಇದ್ದಾರು? ನೋಡಲಿ ಅಂತಲೇ ಬರೆದಿರಬೇಕು ಎಂದು ನನಗನಿಸುತ್ತದೆ.

ಸಿಂಧನೂರು ಓದುಗ:
ಚಪಡನ ಮುಂದೆ ನನ್ನ ವಾದ ಸ್ವಲ್ಪ ಸಡಿಲವಾಯಿತು. ಆದರೂ ಓದಲು ಬರುವ ಅಕ್ಷರವೇ ನನಗೆ ಹೆಚ್ಚು. ಅಣ್ಣನ ‘ಳ್ಳಾ’ ಓದಲು ಬರುತ್ತದಲ್ಲಾ, ಅದನ್ನು ವಾಪಸ್ ಕಳಿಸಿದ್ದು ಸರಿಯಲ್ಲ.

ಬಳ್ಳಾರಿ ಬ್ರಷ್:
ಚಪಡನ ವಿಷಯ ಇವತ್ತೇ ಗೊತ್ತಾಗಿದ್ದು. ನಾವೂ ಬೋರ್ಡಿನ ಬಲಗಡೆ ಮೂಲೆಯಲ್ಲಿ ಸಣ್ಣದಾಗಿ ಹೆಸರು ಬರೆಯುತ್ತಿದ್ದೆವು. ಎರಡು ಮೂರು ಕಡೆ ನನ್ನದು ಇನ್ನೂ ಇದೆ. ಟೀಚರ್ ಮೇಡಂ, ಈ ಭಾನುವಾರ ಎಂಟು ಮಕ್ಕಳನ್ನು ಕರೆದುಕೊಂಡು ಪಾಲ್ಕಿಗುಂಡಿಗೆ ಬರುತ್ತೇನೆ. ಬಿಸಿಲೇರುವ ಮೊದಲು ಹತ್ತಬೇಕಲ್ವಾ?

ಕೊಪ್ಪಳ ಟೀಚರ್:
ಬೆಳಿಗ್ಗೆ ಏಳಕ್ಕೆ ಗವಿಮಠದ ಹತ್ತಿರ ಇರಿ, ನಾನೂ ಬರುತ್ತೇನೆ. ಓರೆ ಬೆಳಕು ಬಿದ್ದಾಗ ಗೆರೆಗಳು ಚೆನ್ನಾಗಿ ಕಾಣುತ್ತವೆ. ಬರುವಾಗ ‘ಳ್ಳಾ’ ಕ್ಯಾನ್ವಾಸನ್ನೂ ತನ್ನಿ.