ಅಪ್‌ಡೇಟ್: ಲೆನ್ಸ್ ಕೆಟ್ಟಿರಲಿಲ್ಲ, ತಪ್ಪು ಬಿಸಿಲಿನದು

ಹೋದ ತಿಂಗಳು ಕೇಳಿದ್ದೆ ಅಲ್ವಾ, ದೇವನಹಳ್ಳಿ ಏರ್‌ಪೋರ್ಟ್ ಹೊರಗಿನ ರಸ್ತೆಯಿಂದ 150-600 ಮಿ.ಮೀ. ಲೆನ್ಸಲ್ಲಿ (ದೂರದ್ದನ್ನು ಹತ್ತಿರ ತೋರಿಸುವ ಜೂಮ್ ಲೆನ್ಸ್) ತೆಗೆದ ವಿಮಾನಗಳೆಲ್ಲ ಮಸುಕಾಗಿ ಬರುತ್ತಿವೆ, ಲೆನ್ಸ್ ಮಾರಿಬಿಡಲಾ ಅಂತ. ಮಾರಲಿಲ್ಲ, ಸದ್ಯ!

ನಿಮ್ಮಲ್ಲಿ ಕೆಲವರು ಹೇಳಿದ್ದೇ ನಿಜ. ನಾನು ಹೋಗುತ್ತಿದ್ದದ್ದು ಮಧ್ಯಾಹ್ನ ಹನ್ನೆರಡಕ್ಕೆ, ಆಗ ಕಾದ ನೆಲದಿಂದ ಏಳುವ ಬಿಸಿಗಾಳಿ ದೋಸೆ ಹೆಂಚಿನ ಮೇಲಿನ ಹಾಗೆ ಕುಣಿಯುತ್ತಿರುತ್ತದೆ, ಅದರ ಮೂಲಕ ದೂರದ ವಿಮಾನ ನೋಡಿದರೆ ಎಷ್ಟು ದುಬಾರಿ ಲೆನ್ಸ್ ಇದ್ದರೂ ಅಷ್ಟೇ. ಭಾನುವಾರ ಬೆಳಿಗ್ಗೆ ಆರೂವರೆಗೇ ಹೋದೆ. ಚಳಿ, ಕೈಯಲ್ಲಿ ಬೈಟು ಕಾಫಿ. ಅದೇ ಲೆನ್ಸ್, ಅದೇ ಜಾಗ. ವಿಮಾನದ ಹಿಂಭಾಗದಲ್ಲಿ ಬರೆದ 'ವಿಟಿ' ಅಕ್ಷರ (ಭಾರತದ ವಿಮಾನಗಳ ನೋಂದಣಿ ಗುರುತು), ಕಿಟಕಿಗಳ ಅಂಚು ಎಲ್ಲ ಗೆರೆ ಎಳೆದ ಹಾಗೆ ಸ್ಪಷ್ಟ.

ಜೆಟ್‌ಗೆ ಶಟರ್ ವೇಗ 1/1000 ಸೆಕೆಂಡ್ ಇಟ್ಟಿದ್ದೆ. ಅದರಲ್ಲೇ ಎಟಿಆರ್ 72 ಅನ್ನೋ ಪ್ರೊಪೆಲರ್ ವಿಮಾನ ತೆಗೆದರೆ ಪ್ರೊಪೆಲರ್‌ನ ಆರೂ ರೆಕ್ಕೆ ನಿಂತುಹೋಗಿ, ವಿಮಾನ ಸುಮ್ನೆ ನೇತುಹಾಕಿದ ಆಟಿಕೆ ಥರ ಕಂಡಿತು. ರೆಕ್ಕೆ ತಿರುಗುವುದು ಕಾಣಲಿ ಅಂತ 1/160ಕ್ಕೆ ಇಳಿಸಿ, ಸೊಂಟ ತಿರುಗಿಸುತ್ತಾ ಕ್ಯಾಮೆರಾದಲ್ಲೇ ವಿಮಾನವನ್ನು ಹಿಂಬಾಲಿಸಿದೆ. ನಲವತ್ತರಲ್ಲಿ ಮೂರು ಚೆನ್ನಾಗಿ ಬಂದವು. ಭುಜ ಮಾತ್ರ ಇನ್ನೂ ನೋಯುತ್ತಿದೆ.